ಜೋಡಿಸಿದ ಏರ್ ರೈಫಲ್ ಕೊಳ್ಳುವ ಮುಂಚೆ ನಳಿಗೆಯ ಬಾಯಿ ನೋಡಿ

ಶಿವಮೊಗ್ಗದಲ್ಲಿ ಒಬ್ಬರು ಮನೆಯಲ್ಲೇ ಹಳೇ ಬಿಡಿಭಾಗ ಜೋಡಿಸಿ ಏರ್ ರೈಫಲ್ ಮಾರುತ್ತಾರೆ. ಬೆಲೆ ಕಡಿಮೆ ಅಂತ ನನ್ನ ಅಣ್ಣ ಮಗನಿಗೆ ಒಂದು ಕೊಡಿಸಿದ. ಅಂಥದ್ದನ್ನು ಕೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ.

ಹುಡುಗನಿಗೆ 10 ಮೀಟರ್ ಶೂಟಿಂಗ್ ಕಲಿಯುವ ಆಸೆ. ಆ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಅಷ್ಟೇ. ತೀರ್ಥಹಳ್ಳಿಯ ಮನೆ ಹಿಂದೆ ಮರಳು ಚೀಲ ಒಟ್ಟಿ ಹೊಡೆದರೆ ಸೀಸದ ಪುಟ್ಟ ಗುಂಡುಗಳಾದ ಪೆಲೆಟ್‌ಗಳು ಅಂಗೈ ಅಗಲ ಚದುರುತ್ತಿದ್ದವು. ಮಾರಿದವರಿಗೆ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: ಹುಡುಗನ ಕೈ ಸರಿಯಿಲ್ಲ. ಅವನು ಅದನ್ನೇ ನಂಬಿ ಮಂಕಾಗಿಬಿಟ್ಟ. ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ಒಂದೊಂದೇ ನೋಡುತ್ತಾ ಹೋದೆವು. ಮರದ ಹಿಡಿಯ ಸ್ಕ್ರೂ ಸಡಿಲವಾಗಿದ್ದವು. ನಮ್ಮ ಮಳೆಗಾಲದಲ್ಲಿ ಮರ ಉಬ್ಬಿ, ಬೇಸಿಗೆಯಲ್ಲಿ ಕುಗ್ಗುತ್ತೆ, ಇದನ್ನು ಆಗಾಗ ನೋಡಲೇಬೇಕು. ಇಂಥ ಸ್ಪ್ರಿಂಗ್ ರೈಫಲ್, ಅಂದರೆ ಸ್ಪ್ರಿಂಗ್ ಬಲದಿಂದ ಗಾಳಿ ಒತ್ತಿ ಹೊಡೆಯುವಂಥದ್ದು, ಹಿಂದಕ್ಕೂ ಮುಂದಕ್ಕೂ ಒದೆಯುತ್ತೆ, ಹಾಗಾಗಿ ಸಾಧಾರಣ ಮೌಂಟ್ (ಸ್ಕೋಪ್ ಕೂರಿಸುವ ಹಿಡಿಕೆ) ಹಾಕಿದರೆ ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್, ಮೆಲ್ಲಗೆ ಜಾರುತ್ತೆ. ಮೌಂಟ್ ಹಿಂದೆ ಪೆನ್ಸಿಲ್ ಗೆರೆ ಎಳೆದಿಟ್ಟರೆ ಗೊತ್ತಾಗಿಬಿಡುತ್ತೆ. ಹೊಡೆದಾಗ ನಳಿಗೆಯ ಬಾಯಿಂದ ಹೊಗೆಯೂ ಬರುತ್ತಿತ್ತು. ಸಿಲಿಂಡರ್ ಒಳಗೆ ಎಣ್ಣೆ ಸುರಿದಿದ್ದರು. ಗಾಳಿ ಒತ್ತಿದ ಬಿಸಿಗೆ ಅದು ಹೊತ್ತಿಕೊಂಡು ಪ್ರತಿ ಪೆಲೆಟ್‌ನ ವೇಗ ಬೇರೆ ಬೇರೆಯಾಗುತ್ತೆ.

ಅದೆಲ್ಲ ಸರಿಮಾಡಿದರೂ ಚದುರುವುದು ನಿಲ್ಲಲಿಲ್ಲ. ಕೊನೆಗೆ, ಪೆಲೆಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಕಿವಿ ಒರೆಸುವ ಹತ್ತಿ ಕಡ್ಡಿಯನ್ನು ನಳಿಗೆಯ ತುದಿಗೆ ತೂರಿಸಿ ಸುತ್ತಲೂ ತಿರುಗಿಸುತ್ತಾ ಹೊರಗೆಳೆದೆ. ಒಂದೇ ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಟಾರ್ಚ್ ಬಿಟ್ಟು ನೋಡಿದರೆ ಗರಗಸದ ಗುರುತು! ಉದ್ದದ ನಳಿಗೆಯನ್ನು ಕತ್ತರಿಸಿ ಅಂಚು ಹಾಗೇ ಬಿಟ್ಟಿದ್ದಾರೆ. ಪೆಲೆಟ್ ಹೊರಬೀಳುವಾಗ ಗಾಳಿ ಒಂದು ಪಕ್ಕದಿಂದ ಮೊದಲು ನುಗ್ಗಿ ಅದರ ಬಾಲವನ್ನು ತಳ್ಳುತ್ತೆ. ಆಮೇಲೆ ಯಾರ ಕೈ ಎಷ್ಟು ಗಟ್ಟಿಯಿದ್ದರೇನು? ಹುಡುಗನಿಗೆ ಆ ಅಂಚನ್ನೇ ತೋರಿಸಿ ಹೇಳಿದೆ, ತಪ್ಪು ನಿನ್ನದಲ್ಲ ಮಾರಾಯ ಅಂತ.

ದುಡ್ಡು ವಾಪಸ್ ಬರಲಿಲ್ಲ. ಬಿಲ್ಲೇ ಕೊಟ್ಟಿರಲಿಲ್ಲವಲ್ಲ.

ಸೆಕೆಂಡ್ ಹ್ಯಾಂಡ್ ಆದರೂ ಒಂದೇ ಕಂಪನಿಯ, ಬಿಲ್ ಇರುವ ರೈಫಲ್ ನೋಡಿ. ಹತ್ತಿ ಕಡ್ಡಿ ಜೇಬಲ್ಲಿ ಇಟ್ಟುಕೊಂಡೇ ಹೋಗಿ. ಸ್ಪ್ರಿಂಗ್ ಮಾತ್ರ ಮನೆಯಲ್ಲಿ ಬಿಚ್ಚಬೇಡಿ, ಸಿಡಿದರೆ ಕಣ್ಣೇ ಹೋಗಬಹುದು. ಜಾಸ್ತಿ ಪವರ್‌ನ ಸ್ಪ್ರಿಂಗ್ ಹಾಕಿದೀನಿ ಅಂತ ಯಾರಾದರೂ ಹೊಗಳಿಕೊಂಡರೆ ಅಲ್ಲಿಂದ ಎದ್ದು ಬನ್ನಿ: ಪೆಲೆಟ್ ಹೊರಬೀಳುವಾಗಿನ ಶಕ್ತಿ 20 ಜೂಲ್ ದಾಟಿದರೆ ಲೈಸೆನ್ಸ್ ಬೇಕು, ಕೇಸಾದರೆ ಸಿಕ್ಕಿಬೀಳುವುದು ಕೈಯಲ್ಲಿ ರೈಫಲ್ ಇಟ್ಟುಕೊಂಡವರು.