ಲ್ಯಾಂಬ್ಡಾದಲ್ಲಿ ಪೈಥಾನ್: ಜಿಪ್, ಲೇಯರ್, ಕಂಟೇನರ್ ಪೈಕಿ ನಾನು ಜಿಪ್ಪಿಗೇ ಮರಳಿದ್ದು

ಶಿವಮೊಗ್ಗ ಅಡಿಕೆ ಮಾರುಕಟ್ಟೆಯ ಸರಕು, ಬೆಟ್ಟೆ, ರಾಶಿ, ಗೊರಬಲು ಧಾರಣೆಗಳ ವಾರದ ಸರಾಸರಿಯನ್ನು ತೆಗೆದು ಅಪ್ಪಯ್ಯನ ಮೊಬೈಲಿಗೆ ಕಳುಹಿಸುವ 40 ಸಾಲಿನ ಪೈಥಾನ್ ಫಂಕ್ಷನ್ ಒಂದನ್ನು ತೀರ್ಥಹಳ್ಳಿಯ ಮನೆಯಲ್ಲಿ ಕುಳಿತು ಬರೆದೆ. ಲ್ಯಾಪ್‌ಟಾಪಿನಲ್ಲಿ ಸರಾಗವಾಗಿ ಓಡಿದ ಅದು, ನಮ್ಮ ಕೋಡನ್ನು ಅಮೆಜಾನ್ ತನ್ನ ಸರ್ವರಿನಲ್ಲಿ ನಡೆಸಿಕೊಡುವ ಎಡಬ್ಲ್ಯೂಎಸ್ ಲ್ಯಾಂಬ್ಡಾದಲ್ಲಿ ನನ್ನ ಒಂದು ಸಾಲನ್ನೂ ನಡೆಸದೆ ಮೂರು ಸಂಜೆ ಬಿದ್ದಿತು. ಕೋಡನ್ನು ಲೈಬ್ರರಿಗಳ ಸಮೇತ ಜಿಪ್ ಮಾಡಿ, ಲೈಬ್ರರಿಗಳನ್ನು ಬೇರೆ ಲೇಯರ್ ಆಗಿಸಿ, ಎಲ್ಲವನ್ನೂ ಅದು ನಡೆಯುವ ಪರಿಸರದೊಂದಿಗೆ ಕಂಟೇನರ್ ಇಮೇಜಾಗಿ ಕಟ್ಟಿ, ಹೀಗೆ ಮೂರು ಬಗೆಯಲ್ಲೂ ಏರಿಸಿ ನೋಡಿ ಕೊನೆಗೆ ಜಿಪ್ಪಿಗೇ ಮರಳಿದ್ದೇನೆ. ಮೊದಲು ಕಟ್ಟಿದಂಥ ಜಿಪ್ಪಿಗಲ್ಲ.

ಮೊದಲ ಸಂಜೆಯ ದೋಷ ಸಣ್ಣದು. ಫೋಲ್ಡರನ್ನೇ ಜಿಪ್ ಮಾಡಿದ್ದರಿಂದ ನನ್ನ ಕಡತ ಒಂದು ಪದರ ಒಳಗೆ ಉಳಿದು, 'ಲ್ಯಾಂಬ್ಡಾ ಫಂಕ್ಷನ್' ಎಂಬ ಮಾಡ್ಯೂಲನ್ನು ಇಂಪೋರ್ಟ್ ಮಾಡಲಾಗದು ಎಂಬ ಸಂದೇಶ ಬಂದಿತು. ಫೋಲ್ಡರಿನೊಳಗೆ ಹೋಗಿ ಕಡತಗಳನ್ನಷ್ಟೇ ಆಯ್ದು ಜಿಪ್ ಮಾಡಿದೆ. ಮತ್ತೆ ಅದೇ ಸಂದೇಶ ಬಂದಾಗ ತಿದ್ದಿದ್ದು ಸರಿಯಾಗಲಿಲ್ಲವೆಂದುಕೊಂಡು ಅದೇ ಜಿಪ್ಪನ್ನು ನಾಲ್ಕು ಸಲ ಕಟ್ಟಿದೆ, ಮೆಮೊರಿಯನ್ನು 128 ಎಂಬಿಯಿಂದ 512ಕ್ಕೆ ಏರಿಸಿದೆ, ಮೂರು ಸೆಕೆಂಡಿನ ಕಾಲಮಿತಿಯನ್ನೂ ಹಿಗ್ಗಿಸಿದೆ. ಇದ್ಯಾವುದಕ್ಕೂ ದೋಷಕ್ಕೂ ಸಂಬಂಧವೇ ಇರಲಿಲ್ಲ.

ಆ ಸಂದೇಶದ ಮೊದಲರ್ಧ ಯಾವಾಗಲೂ ನಮ್ಮ ಕಡತವನ್ನೇ ದೂರುತ್ತದೆ, ನಿಜವಾದ ಕಾರಣ ಕೋಲನ್ ಚಿಹ್ನೆಯ ಆಚೆಗಿರುತ್ತದೆ. ಎರಡನೆಯ ಸಲ ಆ ಬಾಲದಲ್ಲಿದ್ದದ್ದು ಲೆಕ್ಕದ ಲೈಬ್ರರಿಯಾದ ನಮ್‌ಪೈ ಹೆಸರು. ಅದರ ಒಳಭಾಗ ಸಿ ಭಾಷೆಯಿಂದ ಕಂಪೈಲ್ ಆದದ್ದು. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಲೈಬ್ರರಿಗಳನ್ನು ಇಳಿಸಿಕೊಡುವ ಪಿಪ್ ಸಹಜವಾಗಿಯೇ ವಿಂಡೋಸ್ ಪ್ರತಿಯನ್ನು ತಂದಿತ್ತು, ಲ್ಯಾಂಬ್ಡಾ ನಡೆಯುವುದು ಲಿನಕ್ಸಿನಲ್ಲಿ. ಪಿಪ್‌ಗೆ 'ಪ್ಲಾಟ್‌ಫಾರ್ಮ್' ಆಯ್ಕೆಯಲ್ಲಿ ಮೆನಿಲಿನಕ್ಸ್2014 (ಲಿನಕ್ಸ್ ಪ್ರತಿ ಬೇಕು) ಎಂದೂ, 'ಓನ್ಲಿ ಬೈನರಿ' (ಕಂಪೈಲಾದದ್ದನ್ನೇ ತಾ) ಎಂದೂ, ಲ್ಯಾಂಬ್ಡಾದಲ್ಲಿ ನಾನು ಆಯ್ದ ಪೈಥಾನ್ ಆವೃತ್ತಿ 3.12 ಎಂದೂ ಹೇಳಿ ಪ್ರತ್ಯೇಕ ಫೋಲ್ಡರಿಗೆ ಇಳಿಸಿಕೊಂಡ ಮೇಲೆ ಫಂಕ್ಷನ್ ಎದ್ದಿತು. ಆವೃತ್ತಿಯನ್ನು ಹೇಳಲೇಬೇಕು, ಏಕೆಂದರೆ ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದು 3.11, ಅದಕ್ಕೆಂದು ಕಂಪೈಲಾದ ಕಡತ 3.12ರಲ್ಲಿ ತೆರೆಯುವುದಿಲ್ಲ.

ಲೇಯರ್ ಒಂದೇ ಫಂಕ್ಷನ್ ಇರುವವರಿಗೆ ವ್ಯರ್ಥ ಕೆಲಸ. ಒಳಗೆ 'ಪೈಥಾನ್' ಎಂಬ ಹೆಸರಿನ ಫೋಲ್ಡರೇ ಇರಬೇಕು, ಬಿಚ್ಚಿದ ಗಾತ್ರದ 250 ಎಂಬಿ ಮಿತಿಯಲ್ಲಿ ಅದೂ ಲೆಕ್ಕಕ್ಕೆ ಸೇರುತ್ತದೆ.

ದೋಷ ಹುಡುಕಲು ಕಂಟೇನರ್ ಎಲ್ಲಕ್ಕಿಂತ ಮೇಲು ಎಂಬುದನ್ನು ಒಪ್ಪಬೇಕು. ಲ್ಯಾಂಬ್ಡಾದ ಮೂಲ ಇಮೇಜಿನಲ್ಲಿಯೇ ಲ್ಯಾಂಬ್ಡಾವನ್ನು ಅನುಕರಿಸುವ ಎಮ್ಯುಲೇಟರ್ ಇರುವುದರಿಂದ ಅಲ್ಲಿ ಬರುವ ಇಂಪೋರ್ಟ್ ದೋಷ ಮೊದಲು ನಮ್ಮ ಟರ್ಮಿನಲ್ಲಿನಲ್ಲೇ ಕಾಣುತ್ತದೆ. ಆದರೆ ನನ್ನ 8 ಜಿಬಿಯ ಲ್ಯಾಪ್‌ಟಾಪ್ ಕಂಟೇನರ್ ಕಟ್ಟಿ ನಡೆಸುವ ಡಾಕರ್ ಶುರುವಾದೊಡನೆ ಏದುಸಿರು ಬಿಡುತ್ತದೆ. ಮೇಲಾಗಿ, ಆಷಾಢದ ಮಳೆಯಲ್ಲಿ ಕರೆಂಟು ಹೋದರೆ ಅದರ ಹಿಂದೆಯೇ ಮೊಬೈಲ್ ಸಿಗ್ನಲ್ಲೂ ಹೋಗುವ ನಮ್ಮೂರಿನಲ್ಲಿ ನೂರಾರು ಎಂಬಿಯ ಇಮೇಜನ್ನು ಏರಿಸಲು ಕುಳಿತವನಿಗೆ ಬೇರೆ ಕೆಲಸ ಇರಬಾರದು. ಜಿಪ್ಪಾದರೆ 20 ಎಂಬಿ ಆಸುಪಾಸು, ಕರೆಂಟು ಬಂದು ಹೋಗುವುದರೊಳಗೆ ಏರಿರುತ್ತದೆ.

ವಾರದ ಸರಾಸರಿಗೆ ನಮ್‌ಪೈ ಏಕೆ ಬೇಕಿತ್ತು, ಪೈಥಾನಿನ ಜೊತೆಗೇ ಬರುವ ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲ್ ಸಾಲದಿತ್ತೇ ಎಂದು ತಂಗಿ ಕೇಳಿದಳು. ಸಾಕಾಗುತ್ತಿತ್ತು.