ಬಾಬ್‌ಕ್ಯಾಟಿಗೆ ಟಯರ್ರೋ ಟ್ರ್ಯಾಕೋ: ಶಿರಸಿ ಘಟ್ಟದ ಮೇಲೆ, ಕುಮಟಾ ಕೆಳಗೆ ಎರಡೂ ನೋಡಿ ಬರೆದಿದ್ದು

ಬಾಬ್‌ಕ್ಯಾಟ್ ಅಂದ್ರೆ ಮುಂದೆ ಬಕೆಟ್ ಇರೋ, ಮಣ್ಣು ತುಂಬಿ ಸಾಗಿಸೋ ಸಣ್ಣ ಲೋಡರ್; ಟಯರ್ ಮೇಲೆ ಓಡೂದೂ ಇದೆ, ಟ್ರ್ಯಾಕ್ ಅಂದ್ರೆ ಸುತ್ತೋ ಉದ್ದ ಪಟ್ಟಿ ಮೇಲೆ ಓಡೂದೂ ಇದೆ. ಯಾವುದು ತಗೊಳ್ಳೂದು ಅಂತ ಮೊದಲೇ ಹೇಳಿಬಿಡ್ತೇನೆ, ಪೂರ್ತಿ ಓದೋಕೆ ಪುರುಸೊತ್ತಿಲ್ಲದವ್ರಿಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಬದಿ ಬಾಡಿಗೆಗೆ ಬಿಡೂದಾದ್ರೆ ಟಯರ್ ಗಾಡಿ. ಕುಮಟಾ, ಅಂಕೋಲಾ ಬದಿ ಗಜನಿ (ಉಪ್ಪು ನೀರಿನ ಗದ್ದೆ), ಸಿಗಡಿ ಕೆರೆ, ಹೊಯ್ಗೆ (ಮರಳು) ಇದ್ರಲ್ಲೇ ವರ್ಷದ ಹೆಚ್ಚಿನ ಕೆಲಸ ಇದ್ರೆ ಟ್ರ್ಯಾಕ್. ಎರಡೂ ಕಡೆ ಓಡಾಡೂದಾದ್ರೆ ಟಯರ್ ಗಾಡಿ ತಗೊಂಡು ಅದರ ಮೇಲೆ ಹಾಕೋ ಕಬ್ಬಿಣದ ಟ್ರ್ಯಾಕ್ ಒಂದು ಸೆಟ್ ಇಟ್ಕೊಳ್ಳಿ.

ನಮ್ಮಲ್ಲಿ ಯಾವ ಕಂಪನಿದಾದ್ರೂ ಬಾಬ್‌ಕ್ಯಾಟ್ ಅಂತಲೇ ಹೇಳೂದು, ಟ್ರ್ಯಾಕ್ ಇರೋ ಎಲ್ಲಾ ಮಣ್ಣಗಿಯೋ ಮಷಿನ್ನಿಗೂ ಹಿಟಾಚಿ ಅಂದ ಹಾಗೆ. ನನ್ನ ಹತ್ರ ಇರೂದು ಟಯರಿಂದು, ಕುಮಟಾದಲ್ಲಿರೋ ಭಾವನ ಹತ್ರ ರಬ್ಬರ್ ಟ್ರ್ಯಾಕಿಂದು, ಸೀಸನ್ನಲ್ಲಿ ಅದಲುಬದಲು ಮಾಡ್ಕೊಂಡು ಓಡಿಸ್ತೇವೆ, ಹಾಗಾಗಿ ಎರಡರ ಗುಣನೂ ಗೊತ್ತು. ಭಾವ ಮಾತ್ರ ಯಾವಾಗ್ಲೂ ಒಂದೇ ಹಾಡು: "ಟ್ರ್ಯಾಕ್ ತಗ ಮಾರಾಯಾ, ಎಂತ ಚಿಂತೆನೂ ಇಲ್ಲೆ." ಚಿಂತೆ ಇದೆ ಭಾವಾ, ಅದನ್ನೇ ಇಲ್ಲಿ ಬರಿತಾ ಇದ್ದೇನೆ.

ಈ ಮಷಿನ್ ಹುಟ್ಟಿದ್ದೇ ಅಮೆರಿಕದ ಮಿನೆಸೋಟಾದಲ್ಲಿ ಟರ್ಕಿ ಕೋಳಿ ಸಾಕೋ ಕೊಟ್ಟಿಗೆಯ ಗೊಬ್ಬರ ಬಳಿದು ತೆಗೆಯೋಕೆ. 1957ರಲ್ಲಿ ಕೆಲ್ಲರ್ ಅಂತ ಅಣ್ಣತಮ್ಮಂದಿರು ಮೂರು ಚಕ್ರದ್ದು ಮಾಡಿಕೊಟ್ರು, 1960ರಲ್ಲಿ ನಾಲ್ಕು ಚಕ್ರದ್ದು ಬಂತು, 1962ರಲ್ಲಿ ಬಾಬ್‌ಕ್ಯಾಟ್ ಅಂತ ಹೆಸರಿಟ್ರು. ಕೊಟ್ಟಿಗೆ ಒಳಗೆ ಕಂಬದ ನಡುವೆ ನಿಂತಲ್ಲೇ ತಿರುಗಬೇಕಿತ್ತು ಅಂತ ಚಕ್ರ ಹೊರಳಿಸೋ ಸ್ಟಿಯರಿಂಗೇ ಇಡ್ಲಿಲ್ಲ. ಒಂದು ಬದಿ ಚಕ್ರ ಮುಂದೆ, ಇನ್ನೊಂದು ಬದಿದು ಹಿಂದೆ, ಗಾಡಿ ಜಾರಿಕೊಂಡೇ ತಿರುಗ್ತದೆ. ನಮ್ಮ ತೋಟದಲ್ಲಿ ಇದು ನಡೆಯೂದಕ್ಕೂ ಅದೇ ಕಾರಣ. ಅಡಿಕೆ ಮರಕ್ಕೂ ಮರಕ್ಕೂ ಒಂಬತ್ತು ಅಡಿ ಅಂತರ, ಜೆಸಿಬಿ ಒಳಗೆ ಹೋದ್ರೆ ತಿರುಗಿಸೋಕೆ ಜಾಗ ಎಲ್ಲಿ?

ಆದ್ರೆ ಆ ಜಾರೂದೇ ಟಯರ್ ತಿನ್ನೂದು. ಕಾಂಕ್ರೀಟ್ ಅಂಗಳ, ಟಾರ್ ರಸ್ತೆ, ಚಿರೆಕಲ್ಲಿನ (ಜಂಬಿಟ್ಟಿಗೆ) ಪುಡಿ ಇರೋ ಜಾಗ, ಇಲ್ಲೆಲ್ಲ ನಿಂತಲ್ಲೇ ಗಿರ್ರಂತ ತಿರುಗಿಸಿದ್ರೆ ರಬ್ಬರಿನ ಕಪ್ಪು ಗೆರೆ ನೆಲದ ಮೇಲೆ ಉಳೀತದೆ, ಅದು ನಿಮ್ಮ ದುಡ್ಡೇ ಅಂತ ತಿಳ್ಕೊಳ್ಳಿ. ಡ್ರೈವರ್ ಹುಡುಗರಿಗೆ ಹೇಳೂದು ಇಷ್ಟೇ, ಸ್ವಲ್ಪ ಮುಂದೆ ಹಿಂದೆ ತಗೊಂಡು ತಿರುಗಿಸು ಅಂತ. ಇನ್ನೊಂದು ವಿಷಯ, ಬಕೆಟ್ ಖಾಲಿ ಇದ್ರೆ ಭಾರ ಎಲ್ಲ ಹಿಂದಿನ ಚಕ್ರದ ಮೇಲೆ, ತುಂಬಿದ್ರೆ ಮುಂದಕ್ಕೆ ಬರ್ತದೆ, ಭಾರ ಕಡಿಮೆ ಇರೋ ಜೋಡಿನೇ ಜಾರಿ ಸವೆಯೂದು, ಹಾಗಾಗಿ ಮುಂದಿಂದು ಹಿಂದೆ ಹಿಂದಿಂದು ಮುಂದೆ ಬದಲಾಯಿಸ್ತಾ ಇರಬೇಕು.

ಟಯರ್ ಅಂಗಡಿಯವ್ರು ಇಲ್ಲಿ ಒಂದು ತಪ್ಪು ಸಲಹೆ ಕೊಡ್ತಾರೆ. ನಂಗೊಬ್ರು "ಮುಂದಿಂದು ಎರಡು ಹೊಸದು ಹಾಕಿ ಸಾಕು ಸಾರ್, ಹಿಂದಿಂದು ಇನ್ನೂ ಓಡ್ತದೆ" ಅಂದ್ರು. ಕಾರಿಗಾದ್ರೆ ಎರಡೇ ಬದಲಾಯಿಸಿದ್ರೂ ನಡೀತದೆ. ಇದ್ರಲ್ಲಿ ಒಂದೊಂದು ಬದಿಗೆ ಒಂದೊಂದು ಹೈಡ್ರಾಲಿಕ್ ಮೋಟಾರ್, ಅಲ್ಲಿಂದ ಒಳಗೆ ಚೈನ್, ಆ ಬದಿಯ ಮುಂದಿಂದು ಹಿಂದಿಂದು ಎರಡೂ ಚಕ್ರ ಚೈನಲ್ಲಿ ಒಟ್ಟಿಗೇ ಸುತ್ತೂದು. ಮುಂದೆ ಹೊಸ ದಪ್ಪ ಟಯರ್, ಹಿಂದೆ ಸವೆದ ಸಣ್ಣ ಟಯರ್ ಆದ್ರೆ ಒಂದು ಸುತ್ತಿಗೆ ಹೋಗೋ ದೂರನೇ ಬೇರೆ ಬೇರೆ, ಒಂದನ್ನೊಂದು ಎಳೆದಾಡ್ತವೆ, ಚೈನಿಗೂ ಹೊಡೆತ ಟಯರಿಗೂ ಹೊಡೆತ. ಎರಡೇ ತಗೊಳ್ಳೋಕೆ ದುಡ್ಡಿದ್ರೆ ಎರಡೂ ಒಂದೇ ಬದಿಗೆ ಹಾಕ್ಸಿ, ನಾಲ್ಕೂ ಹಾಕಿದ್ರೆ ಇನ್ನೂ ಒಳ್ಳೇದು. ಗಾಳಿನೂ ಹಾಗೇ, ಒಂದೇ ಬದಿಯಲ್ಲಿ ಹೆಚ್ಚುಕಮ್ಮಿ ಬಿಡ್ಬೇಡಿ. ಪಂಚರ್ ಕಾಟ ಅಂತ ಕೆಲವ್ರು ಗಾಳಿ ಇಲ್ಲದ ಗಟ್ಟಿ ಟಯರ್ ಹಾಕಿಸ್ತಾರೆ, ಬಿದಿರು ಕಡಿದ ಕೂಳೆ ಇರೋ ಜಾಗಕ್ಕೆ ಸರಿ, ಉಳಿದಂತೆ ಸಂಜೆ ಆಗೂದ್ರೊಳಗೆ ಡ್ರೈವರಿನ ಸೊಂಟ ಹೋಗಿರ್ತದೆ.

ಈಗ ಟ್ರ್ಯಾಕ್. ಒಪ್ಪಿದೆ, ಕೆಸರಲ್ಲಿ ಇದಕ್ಕೆ ಸಾಟಿ ಇಲ್ಲ. ಟಯರ್ ಗಾಡಿ ಮೂರು ಟನ್ ಭಾರನ ನಾಲ್ಕು ಸಣ್ಣ ಜಾಗದ ಮೇಲೆ ಊರ್ತದೆ, ರಬ್ಬರ್ ಟ್ರ್ಯಾಕಿಂದು ತೂಕ ಇನ್ನೂ ಜಾಸ್ತಿ ಇದ್ರೂ ಉದ್ದಕ್ಕೂ ಹರಡಿಕೊಳ್ತದೆ, ನೆಲದ ಮೇಲೆ ಒತ್ತಡ ಚದರ ಇಂಚಿಗೆ 4-5 ಪೌಂಡ್ ಆಸುಪಾಸು, ಟಯರಿಂದು ಅದರ ಎಷ್ಟೋ ಪಟ್ಟು. ಅಘನಾಶಿನಿ ಬದಿ ಗಜನಿ ನೋಡಿದವ್ರಿಗೆ ಗೊತ್ತು, ಉಪ್ಪು ನೀರು ಏರಿ ಇಳಿಯೋ ಅಂಟು ಜೇಡಿ, ಕಗ್ಗ ಭತ್ತ ಬೆಳೆಯೋ ನೆಲ, ಮನುಷ್ಯನೇ ಮೊಣಕಾಲವರೆಗೆ ಹೂತುಹೋಗ್ತಾನೆ. ಅಲ್ಲಿ ಕಟ್ಟೆ ಮಣ್ಣು ಸರಿ ಮಾಡೋಕೆ ನನ್ನ ಟಯರ್ ಗಾಡಿ ಇಳಿಸಿದ್ರೆ ಹೊಟ್ಟೆ ನೆಲಕ್ಕೆ ತಾಗಿ ಕೂತುಬಿಡ್ತದೆ, ಎಳೆಯೋಕೆ ಇನ್ನೊಂದು ಹಿಟಾಚಿ ಕರೆಸ್ಬೇಕು. ಭಾವಂದು ಆರಾಮಾಗಿ ಹೋಗಿ ಬರ್ತದೆ. ಸಮುದ್ರ ಬದಿ ಹೊಯ್ಗೆಲಿ ಕೂಡ ಹಾಗೇ.

ಅಷ್ಟು ಹೊಗಳಿದ ಮೇಲೆ ಖರ್ಚಿನ ಕಥೆ ಕೇಳಿ. ಟಯರ್ ಅಂದ್ರೆ ನಾಲ್ಕು ಟಯರ್, ಮುಗೀತು. ಟ್ರ್ಯಾಕ್ ಅಂದ್ರೆ ಟ್ರ್ಯಾಕ್ ಒಂದೇ ಅಲ್ಲ, ಒಳಗೆ ಸಾಲಾಗಿ ರೋಲರ್, ತುದಿಗೆ ಐಡ್ಲರ್ (ಟ್ರ್ಯಾಕ್ ಸುತ್ತಿ ಬರೋ ಚಕ್ರ), ಸ್ಪ್ರಾಕೆಟ್ (ಟ್ರ್ಯಾಕ್ ಎಳೆಯೋ ಹಲ್ಲಿನ ಚಕ್ರ), ಎಲ್ಲದಕ್ಕೂ ಆಯಸ್ಸು ಇದೆ. ದಿನಾ ಸಂಜೆ ಸಲಿಕೆ ಹಿಡಿದು ರೋಲರ್ ನಡುವಿನ ಮಣ್ಣು ತೆಗೀಬೇಕು. ಗಜನಿ ಜೇಡಿ ಒಂದು ರಾತ್ರಿ ಬಿಟ್ರೆ ಬೆಳಿಗ್ಗೆ ಕಲ್ಲಾಗಿರ್ತದೆ, ರೋಲರ್ ಸುತ್ತೂದಿಲ್ಲ, ಟ್ರ್ಯಾಕ್ ಅದರ ಮೇಲೆ ಉಜ್ಜಿಕೊಂಡು ಹೋಗ್ತದೆ, ರೋಲರ್ ಒಂದು ಬದಿ ಚಪ್ಪಟೆ. ಬಿಗಿನೂ ನೋಡ್ತಾ ಇರಬೇಕು, ಗ್ರೀಸ್ ಹೊಡೆದು ಬಿಗಿ ಮಾಡೂದು ಹಿಟಾಚಿ ಥರನೇ, ಸಡಿಲ ಆದ್ರೆ ತಿರುವಿನಲ್ಲಿ ಕಳಚಿ ಬೀಳ್ತದೆ, ತೀರಾ ಬಿಗಿ ಆದ್ರೆ ಬೇರಿಂಗ್ ತಿಂತದೆ.

ಮತ್ತೆ ಚಿರೆಕಲ್ಲು. ಘಟ್ಟದ ಮೇಲೆ ಧರೆ (ಮಣ್ಣಿನ ದಿಬ್ಬ) ಕಡಿದು ತೋಟಕ್ಕೆ ಮಣ್ಣು ಹಾಕೋ ಕೆಲಸಕ್ಕೆ ಭಾವನ ಮಷಿನ್ ತಂದಾಗ ಹತ್ತಿರ ಕೂತು ನೋಡಿದೆ, ಒಡೆದ ಚಿರೆಕಲ್ಲಿನ ಅಂಚು ತಾಗಿ ರಬ್ಬರ್ ಹಲ್ಲಿನ ಬುಡದಲ್ಲಿ ಬೆರಳುದ್ದ ಸೀಳು, ಒಳಗಿನ ಉಕ್ಕಿನ ತಂತಿ ಕಾಣಿಸ್ತಾ ಇತ್ತು. ಅದೇ ಟ್ರ್ಯಾಕ್ ವಾಪಸ್ ಹೋಗಿ ಇಳಿಯೂದು ಎಲ್ಲಿ, ಉಪ್ಪು ನೀರಿಗೆ. ಸೀಳಿನಿಂದ ನೀರು ಒಳಗೆ ಹೋಗಿ ತಂತಿ ತುಕ್ಕು ಹಿಡೀತದೆ, ಹೊರಗಿಂದ ರಬ್ಬರ್ ಚೆನ್ನಾಗೇ ಕಾಣ್ತಾ ಇರ್ತದೆ, ಒಂದಿನ ಟಪ್ ಅಂತ ತುಂಡು.

ರಸ್ತೆ ವಿಷಯನೂ ಇದೆ. ಟಯರಿಂದಾದ್ರೆ ಪಕ್ಕದ ಊರಿಗೆ ಗಂಟೆಗೆ ಹತ್ತು ಕಿಲೋಮೀಟರ್ ಲೆಕ್ಕದಲ್ಲಿ ಓಡಿಸ್ಕೊಂಡೇ ಹೋಗೂದು. ಟ್ರ್ಯಾಕಿಂದು ಟಾರ್ ಮೇಲೆ ಓಡಿಸಿದಷ್ಟೂ ಸವೀತದೆ, ಪ್ರತಿ ಸಲ ಲಾರಿ ಬಾಡಿಗೆ ಕೊಡಬೇಕು. ಅರ್ಧ ದಿನದ ಕೆಲಸ ಹತ್ತು ಕಡೆ ಇರೋ ನಮ್ಮಂಥವ್ರಿಗೆ ಇದೇ ದೊಡ್ಡ ಹೊಡೆತ.

ಹಾಗಾದ್ರೆ ತೋಟಕ್ಕೆ ಟ್ರ್ಯಾಕ್ ಒಳ್ಳೇದಲ್ವಾ, ಅಡಿಕೆ ಬೇರು ಮೇಲ್ಮೇಲೇ ಇರ್ತದಲ್ಲ, ಟಯರ್ ತುಳಿದು ಮಣ್ಣು ಗಟ್ಟಿ ಆಗ್ತದಲ್ಲ ಅಂತ ಕೇಳ್ತಾರೆ. ಹೌದು, ಆದ್ರೆ ಮಳೆಗಾಲದಲ್ಲಿ ತೋಟದೊಳಗೆ ಯಾವ ಮಷಿನ್ನೂ ಬೇಡ ಮಾರಾಯ್ರೆ. ಒಣಗಿದ ಮೇಲೆ ಟಯರ್ ಸಾಕು.

ಟಯರ್ ಮೇಲೆ ಹಾಕೋ ಕಬ್ಬಿಣದ ಟ್ರ್ಯಾಕ್ ನಂಗೆ ಇಷ್ಟ ಆಗಿದೆ, ಆದ್ರೆ ಹಾಕೂದು ಶಿಕ್ಷೆ. ಕ್ವಿಂಟಲ್‌ಗಟ್ಟಲೆ ತೂಕ, ನೆಲದ ಮೇಲೆ ಹಾಸಿ, ಗಾಡಿ ಮೇಲೆ ಹತ್ತಿಸಿ, ಎರಡು ತುದಿ ಎಳೆದು ಪಿನ್ ಹೊಡೆಯೂದ್ರಲ್ಲಿ ಇಬ್ರಿಗೆ ಬೆವರು. ತಗೊಳ್ಳೋ ಮುಂಚೆ ಟಯರಿಗೂ ಬಾಡಿಗೂ ನಡುವೆ ಜಾಗ ಎಷ್ಟಿದೆ ಅಳೀರಿ, ಕಮ್ಮಿ ಇದ್ರೆ ಚಕ್ರನ ಹೊರಗೆ ತಳ್ಳೋ ಸ್ಪೇಸರ್ ಹಾಕಿಸ್ಬೇಕಾಗ್ತದೆ. ಟಾರ್ ರಸ್ತೆಗೆ ಇಳಿಸೋ ಹಾಗಿಲ್ಲ, ರಸ್ತೆ ಕಿತ್ತುಹೋಗ್ತದೆ. ಕೆಸರಲ್ಲಿ ರಬ್ಬರ್ ಟ್ರ್ಯಾಕಿನಷ್ಟು ತೇಲೂದಿಲ್ಲ, ಆದ್ರೆ ಮುಕ್ಕಾಲು ಪಾಲು ಕೆಲಸ ಆಗ್ತದೆ.

ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ ಮಷಿನ್ ಅಗ್ಗಕ್ಕೆ ಸಿಗ್ತದೆ ಅಂತ ಹೊರಟವ್ರು ಪೇಂಟ್ ನೋಡ್ಬೇಡಿ, ಬಗ್ಗಿ ಸ್ಪ್ರಾಕೆಟ್ ಹಲ್ಲು ನೋಡಿ. ಮೀಟರಲ್ಲಿ ಗಂಟೆ ಕಮ್ಮಿ ಇದ್ದು ಹಲ್ಲು ಚೂಪಾಗಿ ಒಂದು ಬದಿಗೆ ವಾಲಿದ್ರೆ, ಮೀಟರ್ ಬಗ್ಗೆ ಮಾತೇ ಎತ್ತದೆ ಚಾ ಕುಡಿದು ಎದ್ದು ಬನ್ನಿ.