ಶಿರಸಿಯ ಮಳೆಗಾಲಕ್ಕೆ ಎರಡು ಬ್ಲ್ಯಾಕ್ ಮೆಟಲ್ ಆಲ್ಬಂ

ಬ್ಲ್ಯಾಕ್ ಮೆಟಲ್ ಎಂದರೆ ಕಿರುಚು ದನಿ, ಬಿರುಸು ಡ್ರಮ್ಮು, ಒರಟು ಗಿಟಾರುಗಳ ರಾಕ್ ಪ್ರಕಾರ. ಫಿನ್‌ಲ್ಯಾಂಡಿನ ಒರಾನ್ಸಿ ಪಾಜುಜು ತಂಡದ 'ಮೂಂಟಾಉಟುಯಾ' (2024) ಏಳೇ ಹಾಡುಗಳ ಆಲ್ಬಂ. ಗಿಟಾರಿನ ಟ್ರೆಮೊಲೊ (ಒಂದೇ ಸ್ವರವನ್ನು ಬಿಡುವಿಲ್ಲದೆ ವೇಗವಾಗಿ ಮೀಟುವುದು) ಗೋಡೆಯನ್ನೇ ಹುಡುಕುವವರಿಗೆ ನಿರಾಶೆ ಖಂಡಿತ. ಇಲ್ಲಿ ಭಾರ ಹೊರುವುದು ಸಿಂಥ್ (ವಿದ್ಯುನ್ಮಾನ ಕೀಬೋರ್ಡ್), ದನಿ ಒಡೆದ ಬಾಸ್ ಗಿಟಾರ್, ಗಾಣದಂತೆ ಸುತ್ತುವ ಲಯ. ರಾತ್ರಿಯಿಡೀ ಚಂಡೆ ಕೇಳಿ ಬೆಳೆದ ಕಿವಿಗೆ ಈ ಪುನರಾವರ್ತನೆ ಹೊಸದೇನಲ್ಲ. 'ಇಕಿಕ್ಯಾರ್ಮೆ' ನಿಧಾನಕ್ಕೆ ಏರುವ ದೀರ್ಘ ಹಾಡು. ಆಲ್ಬಮ್ಮಿನ ಜೀವ ಅದರಲ್ಲೇ ಇದೆ.

ಅಮೆರಿಕದ ಪ್ಯಾನಾಪ್ಟಿಕಾನ್ ಸಂಗೀತಗಾರ ಆಸ್ಟಿನ್ ಲನ್ ಕಟ್ಟಿದ ಸಂಗೀತ ಯೋಜನೆ. 'ದಿ ರೈಮ್ ಆಫ್ ಮೆಮೊರಿ' (2023) ಒಂದು ಗಂಟೆ ದಾಟುತ್ತದೆ. ಹಿಮದ ಸಂಗೀತವೇ ಆದರೂ ಯಾಣದ ಕಾಡಿನ ಮಂಜಿಗೆ ಹೊಂದುತ್ತದೆ. ತಕರಾರು ಒಂದೇ: ಡ್ರಮ್ಮು ಬಿರುಸಾದಾಗ ತಂತಿವಾದ್ಯಗಳು ಹೂತುಹೋಗುತ್ತವೆ.

ಕೇಳುವ ರೀತಿಯೂ ಮುಖ್ಯ. ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಸ್ಪೀಕರ್ ಹಾಕಬೇಡಿ. ಮಳೆಯ ಸದ್ದು ಎಲ್ಲ ಕಂಪನಾಂಕಗಳಲ್ಲೂ ಹರಡಿರುವುದರಿಂದ ಸಿಂಬಲ್ (ಡ್ರಮ್ಮಿನ ಜೊತೆಗಿನ ಕಂಚಿನ ತಟ್ಟೆ), ಟ್ರೆಮೊಲೊ ಎರಡನ್ನೂ ನುಂಗುತ್ತದೆ. ವಾಲ್ಯೂಮ್ ಏರಿಸಿದರೆ ಕಿವಿ ದಣಿಯುತ್ತದೆ, ಅಷ್ಟೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು. ಈಕ್ವಲೈಸರ್‌ನಲ್ಲಿ (ಸದ್ದಿನ ಬೇರೆ ಬೇರೆ ಕಂಪನಾಂಕಗಳನ್ನು ಏರಿಸಿ ಇಳಿಸುವ ಸೆಟ್ಟಿಂಗ್) 3ರಿಂದ 5 ಕಿಲೋಹರ್ಟ್ಸ್ ಭಾಗವನ್ನು 2–3 ಡೆಸಿಬಲ್ ಇಳಿಸಿ, ಕಿರುಚಾಟದ ಚೂಪು ಕಡಿಮೆಯಾಗುತ್ತದೆ. ಕ್ರಾಸ್‌ಫೇಡ್ (ಒಂದು ಹಾಡು ಮುಗಿಯುವ ಮೊದಲೇ ಮುಂದಿನದನ್ನು ಬೆರೆಸುವ ಸೆಟ್ಟಿಂಗ್) ಆಫ್ ಇರಲಿ, ಇಲ್ಲವಾದರೆ ಹಾಡಿನ ಕೊನೆಯ ಮೌನವೇ ಕತ್ತರಿಸಿಹೋಗುತ್ತದೆ. ದೇವಿಮನೆ ಘಾಟಿ ಇಳಿಯುವ ಕುಮಟಾ ಬಸ್ಸಿನಲ್ಲಿ ಮೊದಲ ಆಲ್ಬಂ ವ್ಯರ್ಥ: ಎಂಜಿನ್ನಿನ ಗುಡುಗು ಬಾಸನ್ನೆಲ್ಲ ತಿನ್ನುತ್ತದೆ. ಅಲ್ಲಿಗೆ ಎರಡನೆಯದೇ ಸರಿ, ಅದರಲ್ಲೂ ಅಕೂಸ್ಟಿಕ್ ಭಾಗಗಳು.